ಆಸ್ಟ್ರಿಯಾದ ಕೋವಿ, ಸೇವಂತಿಗೆಯ ತೊಟ್ಟು

ವಿಯೆನ್ನಾ

ನಾನು ಪುಕ್ಕಲು. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಅನುಕೂಲ, ನನಗೂ ಹಗುರ. ನಂಜನಗೂಡಿನಿಂದ ಮೈಸೂರಿಗೆ ರೈಲು ಹತ್ತಿದರೂ ಕಪಿಲೆಯ ಸೇತುವೆ ದಾಟುವವರೆಗೆ ಕಿಟಕಿಯ ಕಂಬಿ ಹಿಡಿದುಕೊಂಡೇ ಕೂರುವವಳು. ಅಂಥವಳನ್ನು ನಮ್ಮ ಕಂಪನಿಯವರು ಒಬ್ಬಳನ್ನೇ ಆಸ್ಟ್ರಿಯಾಕ್ಕೆ ಕಳಿಸಿದರು. ಅದೂ ಕೋವಿ ಮಾಡುವವರ ಮನೆಗೆ.

ನಾನಿರುವುದು ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ. ನಾವು ಗೇಜು ತಯಾರಿಸುತ್ತೇವೆ. ಕೊಳವೆಯೊಳಕ್ಕೆ ಒಂದು ಸಲಾಕೆ ತೂರಿಸಿ, ಅದರ ತುದಿಯಿಂದ ಗಾಳಿ ಬಿಟ್ಟು, ಒಳಗಿನ ಅಗಲವನ್ನು ಕೂದಲೆಳೆಗಿಂತ ಸಣ್ಣ ಲೆಕ್ಕದಲ್ಲಿ ಹೇಳುವ ಉಪಕರಣ ಅದು. ಇಷ್ಟು ದಿನ ಪಂಪಿನವರು, ಎಂಜಿನ್ನಿನವರು ಕೊಳ್ಳುತ್ತಿದ್ದರು. ಈ ಸಲ ಆಲ್ಪ್ಸ್ ಬೆಟ್ಟಗಳ ನಡುವಿನ ಒಂದು ಹಳ್ಳಿಯಿಂದ, ಬೇಟೆಯ ಕೋವಿಗಳನ್ನು ಕೈಯಲ್ಲೇ ಮಾಡುವ ಒಂದು ಮನೆತನದವರು ತರಿಸಿಕೊಂಡಿದ್ದರು. ಅದನ್ನು ಜೋಡಿಸಿ, ಕಲಿಸಿಕೊಟ್ಟು, ಅವರು ಆಗಷ್ಟೇ ಮುಗಿಸುತ್ತಿದ್ದ ಒಂದು ಕೋವಿಯ ನಳಿಗೆ ಅಳೆದು ಸಹಿ ಹಾಕಿ ಬರಬೇಕಿತ್ತು. ಅಳತೆ ವಿಭಾಗದಲ್ಲಿ ಕೂದಲು ನರೆಸಿಕೊಂಡವಳು ನಾನೇ ಆದ್ದರಿಂದ ನನ್ನ ಹೆಸರು ಬಂತು.

"ಕೋವಿ ಅಂದ್ರೆ ನಂಗೆ ಭಯ ಸಾರ್" ಎಂದೆ.

"ಹೊಡೀಬೇಕಾಗಿಲ್ಲ ಮೇಡಂ, ಅಳೀಬೇಕು ಅಷ್ಟೆ" ಎಂದರು ಮ್ಯಾನೇಜರು.

ವಿಯೆನ್ನಾದಲ್ಲಿ ಇಳಿದು ಸುಂಕದವರ ಮುಂದೆ ಪೆಟ್ಟಿಗೆ ತೆರೆದಾಗ ಮೊದಲು ಕಂಡದ್ದು ಉಕ್ಕಿನ ಸಲಾಕೆ, ಅದರ ಪಕ್ಕದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬಿಳಿಯ ಗಟ್ಟಿ. ಸಲಾಕೆ ಯಾತಕ್ಕೆಂದು ಅಧಿಕಾರಿ ಕೇಳಿದ. ಸುಳ್ಳು ಹೇಳಲು ಬೇಕಾದ ಧೈರ್ಯವೂ ಇಲ್ಲದವಳು ನಾನು, "ರೈಫಲ್ಲಿಗೆ" ಎಂದುಬಿಟ್ಟೆ. ಅವನ ಹುಬ್ಬು ಮೇಲೇರಿತು. ಬಿಳಿಯ ಗಟ್ಟಿಯನ್ನು ಬೆರಳಲ್ಲಿ ಒತ್ತಿ ಇದೇನೆಂದ. ವಿಭೂತಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ಗಾಬರಿಯಲ್ಲಿ ಹೊಳೆಯಲೇ ಇಲ್ಲ. ಬಾಟಲಿಯ ನೀರು ಹನಿಸಿ, ಗಟ್ಟಿಯನ್ನು ಉಜ್ಜಿ, ಅವನೆದುರೇ ಹಣೆಗೆ ಮೂರು ಬೆರಳು ಎಳೆದುಕೊಂಡೆ. ಅವನು ಒಂದು ಹೆಜ್ಜೆ ಹಿಂದೆ ಸರಿದು, ಕಂಪನಿಯ ಕಾಗದಗಳನ್ನು ಎರಡು ಸಲ ಓದಿ, ಪೆಟ್ಟಿಗೆಯನ್ನು ತಾನೇ ಮುಚ್ಚಿಕೊಟ್ಟ. ಹೊರಗೆ ಬಂದಾಗ ನನ್ನ ರವಿಕೆ ಬೆವರಲ್ಲಿ ತೊಯ್ದಿತ್ತು.

ಬೆಟ್ಟದ ಹಳ್ಳಿ

ರೈಲಿಳಿದಾಗ ಕರೆದೊಯ್ಯಲು ಬಂದವಳು ಆನಾ. ಮೂವತ್ತರ ಹುಡುಗಿ, ಬೆನ್ನುದ್ದ ಹೊಂಬಣ್ಣದ ಜಡೆ, ತಲೆಗೆ ಹಸಿರು ಟೋಪಿ. ಕೋವಿ ಮಾಡುವ ಯೋಸೆಫ್ ಅಜ್ಜನ ಮಗಳು. ಅಜ್ಜನಿಗೆ ಇಂಗ್ಲಿಷ್ ಬಾರದು; ಅವರು ಆಡಿದ್ದನ್ನೆಲ್ಲ ನನಗೆ ಇವಳೇ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದಳು.

ಆ ಊರಲ್ಲಿ ಎದುರಾದವರೆಲ್ಲ, ಗುರುತಿರಲಿ ಬಿಡಲಿ, ದೇವರ ಹೆಸರೆತ್ತಿ ನಮಸ್ಕಾರ ಹೇಳುತ್ತಾರೆ. ಅವರ ಮಾತು ನನ್ನ ನಾಲಿಗೆಗೆ ಹೊರಳಲಿಲ್ಲ. ಎರಡನೆಯ ದಿನದಿಂದ ನಾನು "ಶರಣು" ಎನ್ನತೊಡಗಿದೆ. ಬ್ರೆಡ್ ಅಂಗಡಿಯ ಹೆಂಗಸು ನಾಲ್ಕನೆಯ ದಿನ ನನಗಿಂತ ಮೊದಲೇ "ಶರಣು" ಎಂದಳು.

ಊಟದ ಕೋಣೆಯ ಗೋಡೆಯ ತುಂಬ ಜಿಂಕೆ, ಕಾಡುಮೇಕೆಗಳ ಕೊಂಬುಗಳು. ನಾನು ಮಾಂಸ ಮುಟ್ಟದವಳೆಂದು ಆನಾ ಆಲೂಗಡ್ಡೆ ಬೇಯಿಸಿ ಬೆಣ್ಣೆ ಹಾಕಿ ಕೊಡುತ್ತಿದ್ದಳು. ಅಷ್ಟು ಕೊಂಬುಗಳ ಕೆಳಗೆ ಕೂತು ಅದನ್ನು ನುಂಗುವುದು ಕಷ್ಟವಾಗುತ್ತಿತ್ತು. ನಾನು ಮೇಲೆ ನೋಡುವುದನ್ನು ಕಂಡು ಅವಳು ಹೇಳಿದಳು: ಇಲ್ಲಿ ಬೇಟೆಗಾರ ಪ್ರಾಣಿಯನ್ನು ಹೊಡೆದ ಮೇಲೆ ಟೋಪಿ ತೆಗೆದು, ಒಂದು ಹಸಿರು ಕಡ್ಡಿ ಮುರಿದು ಅದರ ಬಾಯಲ್ಲಿಡುತ್ತಾನೆ. ಅದು ಪ್ರಾಣಿಯ ಕೊನೆಯ ತುತ್ತು. ಇನ್ನೊಂದು ಕಡ್ಡಿಯನ್ನು ತನ್ನ ಟೋಪಿಗೆ ಸಿಕ್ಕಿಸಿಕೊಳ್ಳುತ್ತಾನೆ. ನಮ್ಮಲ್ಲಿ ಸಾಯುವವರ ಬಾಯಿಗೆ ತೀರ್ಥ ಬಿಡುವುದು ನೆನಪಾಯಿತು. ಕೊಂದವರೇ ತುತ್ತು ಕೊಡುವುದು ಮಾತ್ರ ನನಗೆ ಅರಗಲಿಲ್ಲ.

ನನಗೆ ಕೋವಿಯ ಭಯ ಯಾಕೆಂದು ಆನಾ ಕೇಳಿದಳು. ಅಪ್ಪನ ಕೈಗೆ ಪೆಟ್ಟಾಗಿತ್ತು ಎಂದಷ್ಟೇ ಹೇಳಿದೆ. ಉಳಿದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಊರು ಟಿ. ನರಸೀಪುರದಿಂದ ತಲಕಾಡಿಗೆ ಹೋಗುವ ದಾರಿಯಲ್ಲಿದೆ. ಕಬ್ಬಿಗೆ ಹಂದಿ ನುಗ್ಗುತ್ತಿದ್ದುದರಿಂದ ಅಪ್ಪನ ಹತ್ತಿರ ಲೈಸೆನ್ಸಿನ ಒಂಟಿ ನಳಿಗೆ ಕೋವಿ ಇತ್ತು. ಮಧ್ಯಕ್ಕೆ ಮಡಚಿ ತೋಟಾ ಹಾಕುವಂಥದ್ದು. ಲಿಂಗ ಕಟ್ಟಿದ ಮನೆ, ಕೊಲ್ಲುವ ಮಾತಿಲ್ಲ. ಆಕಾಶಕ್ಕೆ ಹಾರಿಸಿ ಹಂದಿ ಹೆದರಿಸುವುದಷ್ಟೇ. ಮೂಲೆಯಿಂದ ಕೋವಿ ತೆಗೆದಾಗಲೆಲ್ಲ ಅಪ್ಪ ಅದನ್ನು ಮಡಚಿ ನನ್ನ ಕೈಗೆ ಕೊಡುತ್ತಿದ್ದ. ನಾನು ಒಂದು ಕಣ್ಣು ಮುಚ್ಚಿ ನಳಿಗೆಯೊಳಗಿನಿಂದ ಆಕಾಶ ನೋಡಿ "ಬೆಳಕದೆ ಅಪ್ಪ" ಎನ್ನಬೇಕು. ಆಮೇಲೆಯೇ ತೋಟಾ. ನನಗೆ ಹನ್ನೆರಡು ವರ್ಷವಾಗಿದ್ದಾಗ ಒಂದು ಸಂಜೆ ನಾನು ಅಳಗುಳಿಮಣೆಯಲ್ಲಿ ಗೆಲ್ಲುತ್ತಿದ್ದೆ. ಅಪ್ಪ ಕರೆದ. ಮಣೆ ಬಿಟ್ಟು ಎದ್ದರೆ ಎದುರಿನವಳು ಕಾಯಿ ಕದಿಯುತ್ತಾಳೆಂಬ ಯೋಚನೆಯಲ್ಲಿ, ನಳಿಗೆ ಎತ್ತಿದ ಹಾಗೆ ಮಾಡಿ, ನೋಡದೆ "ಬೆಳಕದೆ" ಎಂದೆ.

ಒಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಹಾರಿಸಿದಾಗ ನಳಿಗೆ ಒಡೆದು ಅಪ್ಪನ ಎಡಗೈಯ ಹೆಬ್ಬೆರಳೂ ಪಕ್ಕದ ಎರಡು ಬೆರಳೂ ಹೋದವು. ಎಲ್ಲರೂ ಅಪ್ಪನನ್ನು ಎತ್ತಿಕೊಂಡು ಓಡಿದಾಗ ನಾನು ಆ ಒಡೆದ ನಳಿಗೆಯ ಹತ್ತಿರ ಹೋದೆ. ಸೀಳಿದ ತುದಿಗೆ ಕೆಂಪು ಮಣ್ಣು ಅಂಟಿತ್ತು. ಅದನ್ನು ನನ್ನ ಲಂಗದಿಂದ ಒರೆಸಿಬಿಟ್ಟೆ.

ಅದಕ್ಕೆ ವಾರದ ಹಿಂದೆ ಆ ಕೋವಿಯ ಸ್ಪ್ರಿಂಗು ಸರಿಮಾಡಿಕೊಟ್ಟವರು ನಂಜನಗೂಡಿನ ಖಾದರ್ ಸಾಬರು. ಸುತ್ತಮುತ್ತಲಿನ ಕೋವಿಗಳಿಗೆಲ್ಲ ಅವರೇ ರಿಪೇರಿ. ಅವರು ನಳಿಗೆಗೆ ಬೆಂಕಿ ತಾಗಿಸಿ ಕೆಡಿಸಿದರೆಂದು ಅಪ್ಪ ನಂಬಿದ. ಕೈಗೆ ಪಟ್ಟಿ ಕಟ್ಟಿಕೊಂಡೇ ಹೋಗಿ, ಅಂಗಡಿ ಮುಂದೆ ನಿಂತು, ಬೀದಿಯವರೆಲ್ಲ ಕೇಳುವ ಹಾಗೆ ಬೈದು ಬಂದ. ಆಮೇಲೆ ಯಾರೂ ಸಾಬರ ಕೈಗೆ ಕೋವಿ ಕೊಡಲಿಲ್ಲ. ಇವತ್ತು ಅದೇ ಅಂಗಡಿಯಲ್ಲಿ ಅವರು ಗ್ಯಾಸ್ ಸ್ಟವ್ ರಿಪೇರಿ ಮಾಡುತ್ತಾರೆ. ದಿನವೂ ಕೆಲಸಕ್ಕೆ ಹೋಗುವಾಗ ನಾನು ಅದರ ಮುಂದೆಯೇ ಹಾದು ಹೋಗುತ್ತೇನೆ, ಮುಖ ಆ ಕಡೆ ತಿರುಗಿಸಿಕೊಂಡು.

ಕೋವಿ ಮನೆ

ಯೋಸೆಫ್ ಅಜ್ಜನ ಕಾರ್ಯಾಗಾರ ನಮ್ಮ ಕಡೆಯ ಅಕ್ಕಸಾಲಿಗರ ಕೋಣೆಗಿಂತ ತುಸು ದೊಡ್ಡದು. ನೋಡಬೇಕಾದ ಕೋವಿ ಮೇಜಿನ ಮೇಲೆ ಹಸಿರು ಬಟ್ಟೆಯಲ್ಲಿ ಮಲಗಿತ್ತು. ಎರಡು ವರ್ಷದ ಕೆಲಸ. ಅದೂ ನಮ್ಮ ಅಪ್ಪನದರ ಹಾಗೆಯೇ ಒಂಟಿ ನಳಿಗೆ, ಮಧ್ಯಕ್ಕೆ ಮಡಚುವಂಥದ್ದು. ಕಂಡ ಕೂಡಲೇ ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ.

ಒಳ್ಳೆಯ ಕೋವಿಯನ್ನು ಗುರುತಿಸುವುದು ಹೇಗೆಂದು ಅಜ್ಜ ಕಲಿಸಿಕೊಟ್ಟರು. ಮೇಲಿನ ಬೆಳ್ಳಿ ಕೆತ್ತನೆಗೆ ಮರುಳಾಗಬಾರದು. ಉಕ್ಕು ಮರದೊಳಗೆ ಹೇಗೆ ಕೂತಿದೆ ನೋಡಬೇಕು. ಅವರು ಉಕ್ಕಿನ ಭಾಗವನ್ನು ಎಣ್ಣೆದೀಪದ ಮೇಲೆ ಹಿಡಿದು ಮಸಿ ಕಟ್ಟಿಸಿ, ಮರದ ತೋಡಿನಲ್ಲಿ ಒತ್ತಿ ತೆಗೆಯುತ್ತಾರೆ. ಮಸಿ ತಾಗಿದಲ್ಲಿ ಮಾತ್ರ ಎಳ್ಳಷ್ಟು ಹೆರೆಯುತ್ತಾರೆ, ಮತ್ತೆ ಮಸಿ, ಮತ್ತೆ ಒತ್ತು. ಹೀಗೆ ಎಷ್ಟೋ ನೂರು ಸಲ. ನಮ್ಮಜ್ಜಿ ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಕಾಡಿಗೆ ಹಿಡಿಯುತ್ತಿದ್ದ ವಾಸನೆಯೇ ಆ ಕೋಣೆಯಲ್ಲಿತ್ತು. ಆಮೇಲೆ ಕುದುರೆ, ಎಂದರೆ ಬೆರಳಿನಿಂದ ಎಳೆಯುವ ಕೊಕ್ಕೆ. ಅದು ತೆವಳಬಾರದು, ಬಲಿತ ತೊಗರಿಕಾಯಿ ಸಿಡಿದ ಹಾಗೆ ಒಮ್ಮೆಗೇ ಬಿಡಬೇಕು.

"ಕೊನೆಗೆ ಕಾಗದದ ಮೇಲೆ ಮೂರು ಗುಂಡು" ಎಂದು ಅಜ್ಜನ ಮಾತನ್ನು ಆನಾ ಹೇಳಿದಳು. "ಮೂರೂ ಒಟ್ಟಿಗೆ ಬಿದ್ದರೆ ಕೋವಿ ಒಳ್ಳೆಯದು. ನಡುವೆ ಬೀಳದೆ ಪಕ್ಕದಲ್ಲಿ ಬಿದ್ದರೂ ಚಿಂತೆಯಿಲ್ಲ, ಕೋವಿಯ ಮೇಲಿನ ದುರ್ಬೀನಿನ ತಿರುಪು ತಿರುಗಿಸಿದರೆ ಸರಿಹೋಗುತ್ತದೆ. ಆದರೆ ಒಂದೊಂದು ಗುಂಡು ಒಂದೊಂದು ಕಡೆ ಹೋದರೆ ಅಂಥ ಕೋವಿಯನ್ನು ಯಾರೂ ಸರಿಮಾಡಲಾರರು."

ನಳಿಗೆ ಅಳೆಯುವುದು ನನ್ನ ಪಾಲಿನದು. ಸಲಾಕೆಯನ್ನು ಒಳಗೆ ತೂರಿಸಿ ಅಂಗುಲ ಅಂಗುಲವಾಗಿ ಎಳೆದೆ. ಮುಂದಕ್ಕೆ ಹೋದಂತೆ ನಳಿಗೆ ಅಗಲವಾಗಬಾರದು. ಅಗಲವಾದರೆ ಗುಂಡಿಗೆ ಹಿಡಿತ ತಪ್ಪುತ್ತದೆ. ಈ ನಳಿಗೆಯಲ್ಲಿ ಗೇಜಿನ ಮುಳ್ಳು ಅಲುಗಲೇ ಇಲ್ಲ. ನಾನೆಂದೂ ಅಷ್ಟು ಸಮನಾದ ಕೊಳವೆ ಅಳೆದಿರಲಿಲ್ಲ. ಅಷ್ಟಾದರೂ ಅಳೆಯುವಾಗೆಲ್ಲ ನಾನು ನಳಿಗೆಯ ಬಾಯಿಗೆ ಎದುರಾಗದಂತೆ ಪಕ್ಕದಲ್ಲೇ ನಿಂತಿದ್ದೆ. ಗುಂಡೇ ಇಲ್ಲದ ಕೋವಿಗೆ ಯಾಕೆ ಹೆದರುತ್ತೀರಿ ಎಂದು ಆನಾ ನಕ್ಕಳು. ನಾನೂ ನಗಲು ನೋಡಿದೆ.

ಆಯುಧಪೂಜೆ

ಅಳತೆಯ ಹಾಳೆಗೆ ಸಹಿ ಹಾಕಿದ ದಿನವೇ ಆಯುಧಪೂಜೆ. ಊರಲ್ಲಾಗಿದ್ದರೆ ಕಾರ್ಖಾನೆಯ ಲೇತಿನಿಂದ ಹಿಡಿದು ಸೆಕ್ಯುರಿಟಿಯವನ ಟಾರ್ಚಿನವರೆಗೆ ಎಲ್ಲಕ್ಕೂ ವಿಭೂತಿ, ಹೂವು. ಇಲ್ಲಿ ನನ್ನ ಗೇಜಿಗಾದರೂ ಮಾಡಬೇಕೆಂದು ಅಜ್ಜನ ಅಪ್ಪಣೆ ಕೇಳಿದೆ. ಉಪಕರಣಕ್ಕೆ ಹಬ್ಬವುಂಟೆಂದು ಕೇಳಿ ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ತಮ್ಮ ಅರ, ಉಳಿ, ಸುತ್ತಿಗೆಗಳನ್ನೆಲ್ಲ ಒರೆಸಿ ಸಾಲಾಗಿ ಜೋಡಿಸಿದರು.

ಹೂವು ತರಲು ಅಂಗಡಿಗೆ ಹೋದೆ. ಹೊರಗೆ ಕುಂಡಗಳ ತುಂಬ ಹಳದಿ ಸೇವಂತಿಗೆ ಅರಳಿತ್ತು. ತವರಿನವರನ್ನು ಕಂಡಂತಾಗಿ ಎರಡು ಕುಂಡ ಎತ್ತಿಕೊಂಡು ಬಂದೆ. ಆನಾ ಬಾಗಿಲಲ್ಲೇ ನಿಂತುಬಿಟ್ಟಳು.

"ಇದು ಸಮಾಧಿಗೆ ಇಡುವ ಹೂವು. ನಮ್ಮಲ್ಲಿ ಬದುಕಿರುವವರ ಮನೆಗೆ ತರುವುದಿಲ್ಲ" ಎಂದಳು.

ಕುಂಡಗಳನ್ನು ಹೊಸ್ತಿಲಾಚೆಗೇ ಇಳಿಸಿಬಿಟ್ಟೆ. ಶಕುನ ನೋಡುವುದರಲ್ಲಿ ನಾನು ನಮ್ಮಜ್ಜಿಗಿಂತ ಒಂದು ಕೈ ಹೆಚ್ಚು. ಆದರೆ ಅಜ್ಜ, ಈ ಹಬ್ಬ ನಿಮ್ಮದು, ಹೂವೂ ನಿಮ್ಮದೇ ಇರಲಿ ಎಂದರಂತೆ. ಪ್ರತಿಯೊಂದಕ್ಕೂ ಮೂರು ಬೆರಳ ವಿಭೂತಿ ಎಳೆದು ಹೂವಿಟ್ಟೆ. ಕೋವಿ ಗೋಡೆಗೆ ಒರಗಿ ನಿಂತಿತ್ತು. ಹೂವು ನಿಲ್ಲಲು ಜಾಗವಿಲ್ಲ. ಊರಲ್ಲಿ ಸೈಕಲ್ಲಿನ ಹಿಡಿಗೆ, ಟ್ರ್ಯಾಕ್ಟರಿನ ಕೊಳವೆಗೆ, ತೂತಿದ್ದಲ್ಲೆಲ್ಲ ಸಿಕ್ಕಿಸುವ ಕೈ ಇದು. ಉದ್ದ ತೊಟ್ಟಿನ ಸೇವಂತಿಗೆಯೊಂದನ್ನು ನಳಿಗೆಯ ಬಾಯಿಗೆ ಸಿಕ್ಕಿಸಿದೆ. ತೊಟ್ಟು ಒಳಕ್ಕಿಳಿದು ಹೂವು ಮೇಲೆ ಕಿರೀಟದ ಹಾಗೆ ಕೂತಿತು. ಎಲ್ಲರಿಗೂ ಚೆಂದ ಕಂಡಿತು.

ಗುರಿಯ ಕಣಿವೆ

ಮರುದಿನ ಬೆಳಿಗ್ಗೆ ಹೊಡೆದು ನೋಡುವುದೆಂದಾಯಿತು. ಊರಾಚೆಯ ಕಣಿವೆಯಲ್ಲಿ ಮರದ ಮಾಡು, ಎದುರಿಗೆ ಉದ್ದನೆಯ ಹುಲ್ಲುಬಯಲು, ಕೊನೆಯಲ್ಲಿ ಮಣ್ಣಿನ ದಿಬ್ಬಕ್ಕೆ ಒರಗಿಸಿದ ಬಿಳಿ ಕಾಗದ. ಹೊಡೆಯುವವಳು ಆನಾ. ನಾನು ಬರುವುದಿಲ್ಲವೆಂದು ಹಟ ಮಾಡಿದ್ದೆ. ಅಳೆದವರು ಎದುರಿಗಿರಬೇಕು, ಅದು ನಮ್ಮ ಪದ್ಧತಿ ಎಂದು ಅಜ್ಜ ಒಪ್ಪಲಿಲ್ಲ.

ಆ ಮನೆಯದು ಇನ್ನೊಂದು ಪದ್ಧತಿಯಿದೆ. ಹೊಡೆಯುವವರ ಕೈಗೆ ಕೋವಿ ಕೊಡುವ ಮುನ್ನ ಬೇರೊಬ್ಬರು ನಳಿಗೆಯೊಳಗೆ ನೋಡಿ, ಖಾಲಿಯಿದೆ ಎಂದು ಬಾಯಿಬಿಟ್ಟು ಹೇಳಬೇಕು. ಯಾವಾಗಲೂ ಹೇಳುವವರು ಅಜ್ಜ. ಅವತ್ತು ಆ ಮರ್ಯಾದೆಯನ್ನು ಅವರು ನನಗೆ ಕೊಟ್ಟರು. ಕೋವಿಯನ್ನು ಮಡಚಿ ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದರು.

ಮಡಚಿದ ಆ ಕೋವಿಯನ್ನು ಮುಟ್ಟಲಾಗಲಿಲ್ಲ. ನಿನ್ನೆ ತಾನೇ ಅಳೆದು ಸಹಿ ಹಾಕಿದ್ದೇನಲ್ಲ ಎಂದುಕೊಂಡೆ. ತಲೆಯಾಡಿಸಿ, "ಖಾಲಿಯಿದೆ" ಎಂದೆ.

ಅಜ್ಜ ಕೋವಿಯನ್ನು ಮಗಳಿಗೆ ಕೊಟ್ಟರು. ಅವಳು ಟೋಪಿ ತೆಗೆದು ನನ್ನ ಮುಂದಿನ ಬೆಂಚಿನ ಮೇಲಿಟ್ಟು, ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡಳು. ಅಜ್ಜನೂ ಹಾಕಿಕೊಂಡರು. ತೋಟಾ ಒಳಗೆ ಹೋದ ಸದ್ದಾಯಿತು. ಆ ಕಡೆ ನೋಡಲಾರದೆ ನಾನು ಟೋಪಿಯನ್ನು ನೋಡುತ್ತ ಕೂತೆ. ಪಟ್ಟಿಯಲ್ಲಿ ಒಂದು ಹಳದಿ ಸೇವಂತಿಗೆ. ಬೆಳಿಗ್ಗೆ ಕೋವಿ ತೆಗೆದಾಗ ಹೂವನ್ನು ಎಸೆಯಲು ಮನಸ್ಸಾಗದೆ ಸಿಕ್ಕಿಸಿಕೊಂಡಿದ್ದಾಳೆ. ಅದು ಬರೀ ಹೂವು. ಕೆಳಗೆ ತೊಟ್ಟಿಲ್ಲ, ಕುತ್ತಿಗೆಯಲ್ಲೇ ಮುರಿದಿದೆ.

ತೊಟ್ಟೆಲ್ಲಿ?

"ನಿಲ್ಸೀ!" ಎಂದು ಕಿರುಚಿದೆ. ಯಾರಿಗೂ ಕೇಳಿಸಲಿಲ್ಲ. ಆನಾ ಕೆನ್ನೆಯನ್ನು ಕೋವಿಯ ಮರಕ್ಕೊತ್ತಿದ್ದಳು. ಅವಳ ಬೆರಳು ಇನ್ನೂ ಕುದುರೆಯ ಹೊರಗೇ ಇತ್ತು, ಅಷ್ಟನ್ನು ಮಾತ್ರ ನೋಡಿದೆ. ಓಡಿಹೋಗಿ ಅವಳ ಜಡೆಯನ್ನು ಹಿಡಿದು ಜಗ್ಗಿದೆ.

ಅಜ್ಜ ಬಂದು ಕೋವಿ ಮಡಚಿ, ತೋಟಾ ತೆಗೆದು, ನಳಿಗೆಯನ್ನು ಆಕಾಶಕ್ಕೆ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಹಿತ್ತಾಳೆಯ ಕಡ್ಡಿ ತೂರಿಸಿದಾಗ ಬೆರಳುದ್ದದ ಹಸಿರು ತೊಟ್ಟು ಅವರ ಅಂಗೈಗೆ ಬಿತ್ತು. ನಾನು ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತು ಅತ್ತೆ. ಯಾವ ಭಾಷೆಯಲ್ಲಿ ಏನು ಹೇಳಿದೆನೋ ಗೊತ್ತಿಲ್ಲ, ಅಪ್ಪನ ಕೈ, ಕೆಂಪು ಮಣ್ಣು, ಲಂಗ, ಎಲ್ಲವನ್ನೂ ಹೇಳಿಬಿಟ್ಟೆ. ಆನಾ ನೆತ್ತಿ ಉಜ್ಜಿಕೊಳ್ಳುತ್ತ, ಬೆಳ್ಳಗಾದ ಮುಖದಲ್ಲಿ, ತನಗೆ ತಿಳಿದಷ್ಟನ್ನು ಅಜ್ಜನಿಗೆ ತಿಳಿಸಿದಳು.

ಅಜ್ಜ ಬೈಯಲಿಲ್ಲ. "ಹೆದರುವವರು ನಮಗಿಂತ ಚೆನ್ನಾಗಿ ನೋಡುತ್ತಾರೆ ಎಂದುಕೊಂಡಿದ್ದೆ. ಅದಕ್ಕೇ ನಿಮಗೆ ಕೊಟ್ಟೆ. ಹೆದರುವವರು ಮುಖ ತಿರುಗಿಸುತ್ತಾರೆ ಎಂದು ಇವತ್ತು ತಿಳಿಯಿತು" ಎಂದರು. ಆಮೇಲೆ ಕೋವಿಯನ್ನು ಮತ್ತೆ ನನ್ನ ಮುಂದೆ ಹಿಡಿದರು.

ಈ ಸಲ ತೆಗೆದುಕೊಂಡೆ. ಒಂದು ಕಣ್ಣು ಮುಚ್ಚಿ ನೋಡಿದೆ. ಒಳಗೆ ಸುರುಳಿ ಸುರುಳಿಯಾಗಿ ಹೊಳೆಯುವ ಗೆರೆಗಳು, ಕೊನೆಯಲ್ಲಿ ದುಂಡಗೆ ಆಕಾಶ. "ಬೆಳಕದೆ" ಎಂದೆ. ಅವರಿಗೆ ಅರ್ಥವಾಯಿತು.

ಆನಾ ಮೂರು ಗುಂಡು ಹೊಡೆದಳು, ಒಂದೊಂದರ ನಡುವೆ ನಳಿಗೆ ಆರುವವರೆಗೆ ಕಾದು. ಮೂರು ತೂತುಗಳೂ ಒಂದಕ್ಕೊಂದು ತಾಗಿ ಹುಣಸೆಬೀಜದಷ್ಟು ಜಾಗದಲ್ಲಿ ಕೂತಿದ್ದವು. ಅಜ್ಜ ಆ ಕಾಗದವನ್ನು ಮಡಚಿ ನನಗೇ ಕೊಟ್ಟರು.

ತಲಕಾಡಿನ ದಾರಿ

ಬಂದ ವಾರದಲ್ಲೇ ಊರಿಗೆ ಹೋದೆ. ಅಪ್ಪ ಅಣ್ಣನ ಮನೆಯ ಜಗುಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ, ಎಡಗೈಯ ಉಳಿದೆರಡು ಬೆರಳಲ್ಲಿ ಒತ್ತಿಹಿಡಿದು. ಕಾಗದ ಕೊಟ್ಟೆ. ದೂರ ಹಿಡಿದು ನೋಡಿ, ಬಲಗೈಯ ಹೆಬ್ಬೆರಳಿಟ್ಟು ಮೂರು ತೂತನ್ನೂ ಮುಚ್ಚಿದ.

"ಇದು ಕೋವಿ ಕಣವ್ವ" ಎಂದ.

ಆಗ ಹೇಳಿದೆ. ಒಂದೇ ಉಸಿರಿಗೆ ಹೇಳಿದೆ, ನಿಂತರೆ ಮತ್ತೆ ಹೇಳಲಾರೆನೆಂಬ ಭಯ. ಅಪ್ಪ ಕಾಯಿ ಬಿಡಿಸುವುದನ್ನು ನಿಲ್ಲಿಸಿದ.

"ಮಣ್ಣು ಯಾವ್ ಬಣ್ಣ ಇತ್ತು?"

"ಕೆಂಪು."

"ಕುಂಬಾರ ಉಳಾನೇ." ಎಡಗೈ ನೋಡಿಕೊಂಡ. "ಕೋವಿ ನನ್ ಕೈಲಿತ್ತು, ಕಣ್ಣೂ ನನ್ಗಿತ್ತು. ಅನ್ನೆರಡು ವರ್ಸದ ಮಗೀಗೆ ನೋಡು ಅಂತ ಏಳಿ ತೋಟಾ ಆಕ್ದೋನು ನಾನು. ಅದ್ಕೆ ನೀ ಅಳ್ಬೇಡ."

ಹಗುರಾಯಿತೆಂದುಕೊಂಡೆ. ಅಷ್ಟರಲ್ಲಿ ಅಪ್ಪನ ಮುಖ ಬದಲಾಯಿತು. ಮೊರವನ್ನು ಪಕ್ಕಕ್ಕೆ ಸರಿಸಿದ.

"ಅಂಗಾರೆ ಸಾಬ್ರು?" ಎಂದ.

ಅಪ್ಪ ಎದ್ದು ನಿಂತ.

"ಅಂಗಿ ಕೊಡವ್ವ."

"ನಾಳೆ ಓಗವ ಅಪ್ಪ" ಎಂದೆ. ನನಗೆ ನಿಜಕ್ಕೂ ಭಯವಾಗಿತ್ತು, ಕಣಿವೆಯಲ್ಲಿ ಆದದ್ದಕ್ಕಿಂತ ಹೆಚ್ಚು.

"ಮೂವತ್ತು ವರ್ಸ ಆಗದೆ ಕಣವ್ವ. ಇನ್ನೂ ನಾಳೆ ಅಂತೀಯಲ್ಲ!"

ನಂಜನಗೂಡು

ಬಸ್ಸಿಳಿದು ಬಂದ ಅಪ್ಪ ಅಂಗಡಿಯ ಮುಂದೆ ಇಳಿಜಾರಿನಲ್ಲಿ ನಿಂತು ಒಳಗೆ ಹೋಗಲು ಒಪ್ಪಲಿಲ್ಲ. "ಅವತ್ತು ಬೀದೀಲಿ ನಿಂತು ಬೈದಿವ್ನಿ. ಇವತ್ತೂ ಬೀದೀಲೇ ನಿಂತ್ಕತೀನಿ" ಎಂದ.

ಒಳಗೆ ಖಾದರ್ ಸಾಬರು ಸ್ಟವ್ವಿನ ಬರ್ನರೊಂದನ್ನು ಬೆಳಕಿಗೆ ಹಿಡಿದು ಅದರ ತೂತುಗಳನ್ನು ನೋಡುತ್ತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ತಲೆಯೆತ್ತಿ ಮೊದಲು ಅಪ್ಪನ ಕೈ ನೋಡಿದರು, ಆಮೇಲೆ ಮುಖ.

"ಸಾಬ್ರೇ" ಎಂದು ಅಪ್ಪ ಗಟ್ಟಿಯಾಗಿ ಕರೆದ. ಪಕ್ಕದ ಹೂವಿನವಳು, ಎದುರಿನ ಟೀ ಅಂಗಡಿಯವರು ತಿರುಗಿದರು. "ನಳಿಗೆ ಒಡ್ದಿದ್ದು ನಿಮ್ ಕೆಲ್ಸದಿಂದಲ್ಲ. ಉಳ ಮಣ್ ಕಟ್ಟಿತ್ತು. ನಾವು ನೋಡ್ಲಿಲ್ಲ. ತಪ್ಪು ನಮ್ ಮನೇದು."

ಇನ್ನು ನನ್ನ ಸರದಿ. "ನೋಡಬೇಕಾಗಿದ್ದವಳು ನಾನು ಸಾಬ್ರೇ. ಮಣ್ಣು ಒರೆಸಿದ್ದೂ ನಾನೇ" ಎಂದೆ. ಬೀದಿಯವರೆಲ್ಲ ಕೇಳಿದರು.

ಸಾಬರು ಬರ್ನರನ್ನು ಕೆಳಗಿಟ್ಟರು. ಕೈ ಒರೆಸಿಕೊಂಡು ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಬೈಯುತ್ತಾರೆಂದು ನಾನು ತಲೆ ತಗ್ಗಿಸಿದೆ.

"ಕೊಡೋಕ್ ಮುಂಚೆ ಆ ನಳಿಗೇನ ಮೂರು ಸಲ ನೋಡಿದ್ದೆ ಕಣವ್ವ" ಎಂದರು, ಮೆಲ್ಲಗೆ. "ಆಮೇಲೆ ಇಷ್ಟು ವರ್ಷನೂ ಅದೇ ಯೋಚ್ನೆ. ಮೂರು ಸಲ ನೋಡಿದ್ನಾ, ಎರಡೇ ಸಲ ನೋಡಿದ್ನಾ? ಬೆಂಕಿ ಏನಾದ್ರೂ ತಾಗಿಸಿದ್ನಾ? ನಮಾಜಿಗ್ ಕೂತ್ರೂ ಅದೇ." ಅವರು ಅಪ್ಪನ ಕಡೆ ತಿರುಗಿದರು. "ಹಂಗಾದ್ರೆ ನಾನು ಸರಿಯಾಗೇ ನೋಡಿದ್ದೆ, ಅಲ್ವಾ ಮಾದಪ್ಪೋರೇ?"

ಅಪ್ಪ ಎರಡೇ ಬೆರಳುಳಿದ ಕೈಯಿಂದ ಅವರ ಕೈ ಹಿಡಿದುಕೊಂಡ.

"ನೋಡಿದ್ರಿ ಸಾಬ್ರೇ. ನೀವೊಬ್ರೇ ನೋಡಿದ್ದು" ಎಂದ.